ಮಾಡನ್ನು ಪಂಚಾಂಗಕ್ಕೆ ಕಟ್ಟುವುದು

ಎರಡು ವರ್ಷದ ಹಿಂದೆ, ಮೇ ಕೊನೆಗೆ ಬರುವ ತುಳುನಾಡಿನ ಪತ್ತನಾಜೆಗೆ ಇನ್ನೂ ಹತ್ತು ದಿನ ಬಾಕಿ ಇದ್ದಾಗ, ಕಾಪುವಿನ ನಮ್ಮ ಮನೆಯ ತಾರಸಿಗೆ ಹೊದೆಸಿದ್ದ ಶೀಟಿನ ಮಾಡು, ಅಂದರೆ ಛಾವಣಿ, ಸಂಜೆಯ ಒಂದು ಗಾಳಿಗೆ ಎದ್ದು, ಪೂರ್ವದ ಮೂಲೆಯಿಂದ ಮಡಚಿಕೊಂಡು, ಹಿತ್ತಿಲಿನ ತೆಂಗಿನ ಮರಗಳಿಗೆ ಒರಗಿ ನಿಂತಿತು. ಯಾರಿಗೂ ಏಟಾಗಲಿಲ್ಲ. ಗಾಳಿ ಇದ್ದದ್ದು ಹೆಚ್ಚೆಂದರೆ ಹತ್ತು ನಿಮಿಷ. ಅದು ಚಂಡಮಾರುತವಾಗಿರಲಿಲ್ಲ, ಮರುದಿನದ ಪತ್ರಿಕೆಯಲ್ಲಿ ಸುದ್ದಿಯೂ ಆಗಲಿಲ್ಲ. ಮಳೆಗಾಲಕ್ಕೆ ಮುಂಚೆ ಘಟ್ಟದ ಕಡೆಯಿಂದ ಗುಡುಗಿನ ಜೊತೆ ಇಳಿದು ಬರುವ, ನಮ್ಮ ಕಡೆ ಪ್ರತಿ ವರ್ಷವೂ ಕಾಣುವ ಗಾಳಿಯೇ ಅದು.

ಮರುದಿನ ಬೆಳಿಗ್ಗೆ, ಆ ಮಾಡನ್ನು ಕಟ್ಟಿದ್ದ ವೆಲ್ಡರನ್ನೇ ಕರೆಸಿ ಮೇಲೆ ಹತ್ತಿದೆ. ಹನ್ನೆರಡು ಪೈಪು ಕಂಬಗಳಲ್ಲಿ ಏಳು ಬುಡಸಮೇತ ಎದ್ದಿದ್ದವು. ಶೀಟು ಹರಿದಿರಲಿಲ್ಲ, ವೆಲ್ಡಿಂಗ್ ಬಿಟ್ಟಿರಲಿಲ್ಲ, ಬುಡದ ಬೋಲ್ಟುಗಳಲ್ಲಿ ಒಂದೂ ತುಂಡಾಗಿರಲಿಲ್ಲ. ಪ್ರತಿಯೊಂದು ಕಂಬದ ಬೇಸ್ ಪ್ಲೇಟೂ ತನ್ನ ನಾಲ್ಕು ಬೋಲ್ಟುಗಳ ಜೊತೆಗೆ, ತಟ್ಟೆಯಷ್ಟು ಅಗಲದ ಗಾರೆಯ ಹಪ್ಪಳವೊಂದನ್ನು ಕಚ್ಚಿಕೊಂಡೇ ಮೇಲೆ ಬಂದಿತ್ತು. ನಮ್ಮ ತಾರಸಿಯ ಸ್ಲ್ಯಾಬಿನ ಮೇಲೆ, ನೀರು ಹರಿದು ಹೋಗಲೆಂದು ಇಳಿಜಾರು ಕೊಟ್ಟು ಹಾಕಿದ ಎರಡೂವರೆ ಇಂಚಿನ ವಾಟರ್‌ಪ್ರೂಫಿಂಗ್ ಗಾರೆ ಇದೆ. ವೆಲ್ಡರ್ ಹೊಡೆದದ್ದು ಮೂರು ಇಂಚಿನ ಬೋಲ್ಟು, ಅಂದರೆ ನಿಜವಾದ ಕಾಂಕ್ರೀಟಿನೊಳಗೆ ಇಳಿದದ್ದು ಬರಿಯ ಅರ್ಧ ಇಂಚು. ಅಷ್ಟು ದೊಡ್ಡ ಮಾಡು ಮನೆಯನ್ನು ಹಿಡಿದುಕೊಂಡೇ ಇರಲಿಲ್ಲ, ಮನೆಯ ಮೇಲೆ ಬಳಿದ ಒಂದು ಪದರವನ್ನು ಹಿಡಿದುಕೊಂಡಿತ್ತು.

“ಇಷ್ಟು ಕಬ್ಬಿಣ ಉಂಟು, ಭಾರಕ್ಕೇ ಕೂತ್ಕೊಳ್ತದೆ ಅಂತ ನಾವೆಲ್ಲ ಮಾಡುವುದೇ ಹೀಗೆ, ಸರ್” ಎಂದರು ಅವರು. ನಾನು ಅವರನ್ನು ದೂರುವ ಸ್ಥಿತಿಯಲ್ಲಿರಲಿಲ್ಲ. ಕೆಲಸ ನಡೆಯುವಾಗ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದವನು ನಾನು, ಮತ್ತು ನನ್ನ ಮನಸ್ಸಿನಲ್ಲಿದ್ದ ನಂಬಿಕೆಯೂ ಅದೇ ಆಗಿತ್ತು. ಬ್ಯಾಂಕಿನಲ್ಲಿ ಮೂವತ್ತು ವರ್ಷ ಲೆಕ್ಕ ನೋಡಿದವನಿಗೆ, ಈ ಒಂದು ಲೆಕ್ಕವನ್ನು ಮಾತ್ರ ನೋಡಬೇಕೆಂದು ಹೊಳೆದಿರಲಿಲ್ಲ.

ಆ ಲೆಕ್ಕ ಕಷ್ಟದ್ದೇನೂ ಅಲ್ಲ. ಗಾಳಿಯ ಒತ್ತಡ ಅದರ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಸೆಕೆಂಡಿಗೆ ಇಷ್ಟು ಮೀಟರ್ ಎಂಬ ವೇಗವನ್ನು ಅದರಿಂದಲೇ ಗುಣಿಸಿ, ಮತ್ತೆ 0.6ರಿಂದ ಗುಣಿಸಿದರೆ, ಒಂದು ಚದರ ಮೀಟರಿನ ಮೇಲಿನ ಒತ್ತಡ ನ್ಯೂಟನ್‌ಗಳಲ್ಲಿ ಸಿಗುತ್ತದೆ. ಗಾಳಿಯ ಹೊರೆಯನ್ನು ಕುರಿತ ನಮ್ಮ ದೇಶದ ಮಾನಕವಾದ ಐಎಸ್ 875ರ ಮೂರನೆಯ ಭಾಗದಲ್ಲಿ ಮಂಗಳೂರಿಗೆ ಕೊಟ್ಟಿರುವ ಮೂಲ ವೇಗ ಸೆಕೆಂಡಿಗೆ 39 ಮೀಟರ್, ಅಂದರೆ ಗಂಟೆಗೆ ಸುಮಾರು 140 ಕಿಲೋಮೀಟರ್. ಆ ವೇಗದಲ್ಲಿ ಪ್ರತಿ ಚದರ ಮೀಟರಿಗೆ ಸುಮಾರು 93 ಕಿಲೋ ಭಾರಕ್ಕೆ ಸಮನಾದ ಒತ್ತಡ ಬೀಳುತ್ತದೆ. ನಮ್ಮ ಮಾಡು ಮೂವತ್ತು ಅಡಿಗೆ ಇಪ್ಪತ್ತನಾಲ್ಕು ಅಡಿ, ಅಂದರೆ 67 ಚದರ ಮೀಟರ್. ಇಳಿಜಾರು ಕಡಿಮೆ ಇರುವ ಮಾಡಿನ ಮೇಲೆ ಹಾಯುವ ಗಾಳಿ ಅದನ್ನು ಒತ್ತುವುದಕ್ಕಿಂತ ಹೆಚ್ಚಾಗಿ ಮೇಲಕ್ಕೆ ಹೀರುತ್ತದೆ, ಸುತ್ತ ಗೋಡೆ ಇಲ್ಲದಿದ್ದರೆ ಅಡಿಯಿಂದ ಹೊಕ್ಕ ಗಾಳಿಯೂ ಮೇಲಕ್ಕೇ ತಳ್ಳುತ್ತದೆ. ಎತ್ತುವ ಬಲವನ್ನು ಒರಟಾಗಿ ಆ ಒತ್ತಡದಷ್ಟೇ ಎಂದು ಹಿಡಿದರೂ ಒಟ್ಟು ಆರು ಟನ್ನು ದಾಟುತ್ತದೆ. ಶೀಟು, ಪೈಪು ಎಲ್ಲ ಸೇರಿದರೂ ಮಾಡಿನ ತೂಕ ಒಂದು ಟನ್ನೂ ಇರಲಿಲ್ಲ. ನಾನು ಬಿಲ್ಲು ನೋಡಿ ಕೂಡಿಸಿದಾಗ ಸಿಕ್ಕಿದ್ದು ಸುಮಾರು 800 ಕಿಲೋ.

140 ಕಿಲೋಮೀಟರಿನ ಗಾಳಿ ಎಲ್ಲಿ ಬೀಸುತ್ತದೆ ಎಂದು ಕೇಳಬಹುದು, ನಾನೂ ಕೇಳಿದೆ. ಹಾಗಾದರೆ ಅದರ ಅರ್ಧವನ್ನೇ ತೆಗೆದುಕೊಳ್ಳೋಣ. ಗಂಟೆಗೆ 72 ಕಿಲೋಮೀಟರ್, ಅಂದರೆ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಒತ್ತಡ ಚದರ ಮೀಟರಿಗೆ 24 ಕಿಲೋಗೆ ಇಳಿಯುತ್ತದೆ, ಒಟ್ಟು ಎತ್ತುವ ಬಲ 1,600 ಕಿಲೋ. 800 ಕಿಲೋ ತೂಕದ ಮಾಡಿಗೆ ಅದೂ ಎರಡು ಪಾಲಾಯಿತು. ಹೀಗಾಗಿ ಭಾರಕ್ಕೇ ಕೂತಿರುತ್ತದೆ ಎಂಬ ಮಾತು ಚಂಡಮಾರುತ ಬಾರದ ಸಾಧಾರಣ ಮೇ ತಿಂಗಳಿಗೂ ಸಲ್ಲುವುದಿಲ್ಲ. ಅದರ ಮೇಲೆ, ಗಾಳಿ ಮಾಡಿನ ಎಲ್ಲ ಭಾಗವನ್ನೂ ಒಂದೇ ಸಮ ಎತ್ತುವುದಿಲ್ಲ. ಅಂಚಿನಲ್ಲಿ, ಅದರಲ್ಲೂ ಮೂಲೆಯಲ್ಲಿ, ಸೆಳೆತ ನಡುವಿನದಕ್ಕಿಂತ ಬಹಳ ಹೆಚ್ಚಿರುತ್ತದೆ. ನಮ್ಮ ಮಾಡು ಮೂಲೆಯಿಂದ ಮಡಚಿಕೊಂಡದ್ದು ಅದಕ್ಕೇ.

ಈ ಭಾರದ ನಂಬಿಕೆ ನಮಗೆ ಎಲ್ಲಿಂದ ಬಂತು ಎಂದು ಯೋಚಿಸಿದಾಗ ನನಗೆ ಕಂಡದ್ದು ಹಂಚು. 1860ರ ದಶಕದಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ನೇತ್ರಾವತಿಯ ದಂಡೆಯಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದ ಮೇಲೆ, ಮುಳಿಹುಲ್ಲಿನ ಮಾಡುಗಳ ಜಾಗಕ್ಕೆ ನಿಧಾನವಾಗಿ ಹಂಚು ಬಂದಿತು. ಹಂಚು ಕೂರುವ ಮರದ ರೀಪುಗಳನ್ನು ಸೇರಿಸಿ ಲೆಕ್ಕ ಹಾಕಿದರೆ ಹಂಚಿನ ಹೊದಿಕೆ ಒಂದು ಚದರ ಮೀಟರಿಗೆ ಸುಮಾರು 65 ಕಿಲೋ ತೂಗುತ್ತದೆ. ರೀಪನ್ನು ಹೊರುವ ಓರೆಯ ಪಕ್ಕಾಸು, ತೊಲೆಗಳ ತೂಕ ಬೇರೆ. ನಮ್ಮ ಶೀಟಿನ ಮಾಡಿನಷ್ಟೇ ಅಗಲದ ಹಂಚಿನ ಮಾಡು ನಾಲ್ಕು ಟನ್ನಿಗೂ ಹೆಚ್ಚು. 72 ಕಿಲೋಮೀಟರಿನ ಗಾಳಿಗೆ ಅದು ಅಲುಗುವುದಿಲ್ಲ. ಇನ್ನೊಂದು ಅನುಕೂಲ, ಹಂಚುಗಳ ನಡುವೆ ಸಂದುಗಳಿರುವುದರಿಂದ ಒಳಗಿನ ಮತ್ತು ಹೊರಗಿನ ಒತ್ತಡ ಬೇಗ ಸಮನಾಗುತ್ತದೆ. ಗಾಳಿ ಬಹಳ ಜೋರಾದರೆ ಅಂಚಿನ ನಾಲ್ಕು ಹಂಚು ಹಾರುತ್ತವೆ, ಆ ತೂತಿನಿಂದ ಗಾಳಿ ಹೊರಗೆ ಹೋಗುತ್ತದೆ, ಮಾಡು ಉಳಿಯುತ್ತದೆ. ಮರುದಿನ ಏಣಿ ಹಾಕಿ ನಾಲ್ಕು ಹಂಚು ಸೇರಿಸಿದರೆ ಮುಗಿಯಿತು. ನಮ್ಮ ಹಿರಿಯರ ಮನೆಗಳಲ್ಲಿ ಗೋಡೆಯ ಮೇಲೆ ಮಲಗಿಸಿದ ಮರದ ಅಡ್ಡಕ್ಕೆ ಯಾವ ಬೋಲ್ಟೂ ಇರಲಿಲ್ಲ, ಅದು ಮೇಲಿನ ಹಂಚಿನ ಭಾರಕ್ಕೇ ಕೂತಿರುತ್ತಿತ್ತು, ಮತ್ತು ಬಹುಪಾಲು ಕೂತೇ ಇರುತ್ತಿತ್ತು.

ಈಗ ಹಂಚು ಹೋಗಿ ಶೀಟು ಬಂದಿದೆ. ಸೋರುವ ತಾರಸಿಗೆ ಮದ್ದು ಎಂದು, ಬಟ್ಟೆ ಒಣಗಿಸಲು ಮತ್ತು ಅಡಿಕೆ ಹರವಲು ಜಾಗ ಸಿಗುತ್ತದೆಂದು, ಉಡುಪಿಯಿಂದ ಮಂಗಳೂರಿನ ತನಕ ಹೆದ್ದಾರಿಯ ಎರಡು ಬದಿಯ ಮನೆಗಳೆಲ್ಲ ತಲೆಯ ಮೇಲೆ ನೀಲಿಯೋ ಹಸಿರೋ ಶೀಟು ಹೊತ್ತು ನಿಂತಿವೆ. ಚದರ ಮೀಟರಿಗೆ 65 ಕಿಲೋ ಇದ್ದ ಹೊದಿಕೆಯ ತೂಕ ಐದು ಕಿಲೋಗೆ ಇಳಿದಿದೆ, ಸಂದುಗಳು ಮುಚ್ಚಿಹೋಗಿವೆ, ಗಾಳಿ ಮಾತ್ರ ಅಷ್ಟೇ ಇದೆ. ಭಾರ ಮಾಡುತ್ತಿದ್ದ ಕೆಲಸವನ್ನು ಈಗ ಕಟ್ಟು ಮಾಡಬೇಕು, ಆದರೆ ಕಟ್ಟುವ ಅಭ್ಯಾಸ ನಮಗೆ ಇರಲೇ ಇಲ್ಲವಾದ್ದರಿಂದ ಆ ಜಾಗ ಖಾಲಿ ಉಳಿದಿದೆ.

ಕಟ್ಟುವ ಅಭ್ಯಾಸ ಹೇಗಿರುತ್ತದೆ ಎಂಬುದನ್ನು ನಾನು ನೋಡಿದ್ದು ಕ್ಯಾಲಿಫೋರ್ನಿಯಾದಲ್ಲಿ, ಮಗಳ ಮನೆಗೆ ಹೋಗಿದ್ದಾಗ. ಅಲ್ಲಿನ ವಾಸದ ಮನೆಗಳು ಬಹುಪಾಲು ಮರದ ಚೌಕಟ್ಟಿನವು. ಕಾಂಕ್ರೀಟಿನ ಪಾಯ, ಅದರ ಮೇಲೆ ಉದ್ದಕ್ಕೆ ಮಲಗಿಸಿದ ಮರದ ಪಟ್ಟಿ, ಪಟ್ಟಿಯ ಮೇಲೆ ಸಾಲಾಗಿ ನಿಂತ ತೆಳ್ಳಗಿನ ಕಂಬಗಳು, ಅವುಗಳ ಮೇಲೆ ಮಾಡು. ಮಗಳು ಬಾಡಿಗೆಗಿದ್ದ ಮನೆ 1940ರ ದಶಕದ್ದು, ಅಂಥ ಹಳೆಯ ಮನೆಗಳಲ್ಲಿ ಎಷ್ಟೋ ಕಡೆ ಮರದ ಪಟ್ಟಿ ಪಾಯದ ಮೇಲೆ ಸುಮ್ಮನೆ ಕೂತಿರುತ್ತಿತ್ತು. 1971ರ ಸ್ಯಾನ್ ಫರ್ನಾಂಡೋ, 1989ರ ಲೋಮಾ ಪ್ರಿಯೆಟಾ, 1994ರ ನಾರ್ತ್‌ರಿಜ್ ಭೂಕಂಪಗಳಲ್ಲಿ ಇಂಥ ಮನೆಗಳು ಮುರಿದು ಬೀಳುವ ಬದಲು ಪಾಯದ ಮೇಲಿಂದ ಜಾರಿ ಪಕ್ಕಕ್ಕೆ ಇಳಿದವು. ಗೋಡೆ ಗಟ್ಟಿ, ಮಾಡು ಗಟ್ಟಿ, ಆದರೆ ಮನೆ ತನ್ನ ಪಾಯದ ಮೇಲಿಲ್ಲ. ನೀರಿನ ಕೊಳವೆ, ಗ್ಯಾಸಿನ ಕೊಳವೆ ಎಲ್ಲ ಕಿತ್ತು, ಇಡೀ ಮನೆ ನಿಷ್ಪ್ರಯೋಜಕ.

ಆ ಮನೆಯ ನೆಲದಡಿಯಲ್ಲಿ ಮಂಡಿಯೂರಿ ತೆವಳುವಷ್ಟು ಜಾಗವಿತ್ತು. ರಿಪೇರಿಯವರು ಬಂದ ದಿನ ನಾನೂ ಒಂದು ಟಾರ್ಚು ಹಿಡಿದು ಅವರ ಹಿಂದೆ ತೆವಳಿದೆ. ಆ ವಯಸ್ಸಿನಲ್ಲಿ ಅದು ಬೇಕಿರಲಿಲ್ಲ ಎಂಬುದು ಮಗಳ ಅಭಿಪ್ರಾಯ, ಮತ್ತು ನನ್ನ ಮಂಡಿಯದ್ದೂ. ಅಲ್ಲಿ ಅವರು ಮಾಡುತ್ತಿದ್ದುದು ಮೂರು ಕೆಲಸ. ಮರದ ಪಟ್ಟಿಯ ಮೂಲಕ ಕಾಂಕ್ರೀಟಿಗೆ ತೂತು ಕೊರೆದು ಅರ್ಧ ಇಂಚು ದಪ್ಪದ ಬೋಲ್ಟು ಇಳಿಸುವುದು ಮೊದಲನೆಯದು. ಅಲ್ಲಿ ಹೊಸ ಮನೆ ಕಟ್ಟುವಾಗಿನ ಸಾಮಾನ್ಯ ನಿಯಮದಂತೆ ಇಂಥ ಬೋಲ್ಟು ಕಾಂಕ್ರೀಟಿನಲ್ಲಿ ಏಳು ಇಂಚು ಹುಗಿದಿರಬೇಕು, ಒಂದರಿಂದ ಇನ್ನೊಂದಕ್ಕೆ ಆರು ಅಡಿಗಿಂತ ಹೆಚ್ಚು ಅಂತರವಿರಬಾರದು, ಪಟ್ಟಿಯ ಪ್ರತಿಯೊಂದು ತುಂಡಿನ ಎರಡು ಕೊನೆಗಳಲ್ಲೂ ಒಂದು ಅಡಿಯೊಳಗೆ ಒಂದೊಂದು ಇರಬೇಕು. ನಟ್ಟಿನ ಅಡಿಗೆ ಸಾದಾ ದುಂಡು ವಾಷರ್ ಸಾಲದೆ, ಮೂರು ಇಂಚಿನ ಚೌಕದ ದಪ್ಪ ತಗಡು ಹಾಕುತ್ತಾರೆ. ಗೋಡೆ ಒಂದು ಬದಿಯಲ್ಲಿ ಮೇಲೇಳಲು ಹೊರಟಾಗ ಮರದ ಪಟ್ಟಿ ಬೋಲ್ಟಿನ ಸಾಲಿನಲ್ಲೇ ಉದ್ದಕ್ಕೆ ಸೀಳಿಕೊಳ್ಳುತ್ತದೆ, ಅಗಲದ ತಗಡು ಆ ಸೀಳನ್ನು ತಡೆಯುತ್ತದೆ. ನಾರ್ತ್‌ರಿಜ್ ಕಲಿಸಿದ ಪಾಠಗಳಲ್ಲಿ ಅದೂ ಒಂದು.

ಪಾಯ ಮತ್ತು ನೆಲದ ನಡುವೆ ಎರಡು ಮೂರು ಅಡಿ ಎತ್ತರದ ಗಿಡ್ಡ ಮರದ ಗೋಡೆ ಇದ್ದರೆ ಅದಕ್ಕೆ ದಪ್ಪ ಪ್ಲೈವುಡ್ ಹೊಡೆಯುವುದು ಎರಡನೆಯ ಕೆಲಸ. ಬೋಲ್ಟು ಎಷ್ಟೇ ಗಟ್ಟಿಯಿದ್ದರೂ ಆ ಗಿಡ್ಡ ಕಂಬಗಳ ಸಾಲು ಒಟ್ಟಿಗೇ ಒಂದು ಬದಿಗೆ ಮಲಗಿಬಿಟ್ಟರೆ ಏನೂ ಪ್ರಯೋಜನವಿಲ್ಲ. ಮೂರನೆಯದು, ನೆಲದ ತೊಲೆಗಳನ್ನು ಆ ಗೋಡೆಗೆ ಉಕ್ಕಿನ ಮೂಲೆಪಟ್ಟಿಗಳಿಂದ ಸೇರಿಸುವುದು. ಇಂಥ ರಿಪೇರಿಗೆ ಅಲ್ಲಿನ ಮನೆಮಾಲೀಕರಿಗೆ 3,000 ಡಾಲರ್ ತನಕ ನೆರವು ಕೊಡುವ ಸರ್ಕಾರಿ ಯೋಜನೆಯೇ ಇದೆ. ಮಾಡಿನ ಕಡೆಯ ಪಾಠ ಅಮೆರಿಕದ ಇನ್ನೊಂದು ತುದಿಯದು. 1992ರಲ್ಲಿ ಆಂಡ್ರೂ ಚಂಡಮಾರುತ ಫ್ಲಾರಿಡಾದಲ್ಲಿ ಸಾವಿರಾರು ಮಾಡುಗಳನ್ನು ಕಿತ್ತುಹಾಕಿದ ನಂತರ, ಪಕ್ಕಾಸುಗಳನ್ನು ಗೋಡೆಗೆ ಓರೆಯಾಗಿ ಹೊಡೆದ ಮೊಳೆಯಿಂದ ಹಿಡಿಸಿದರೆ ಸಾಲದು, ಬಾಗಿಸಿದ ಉಕ್ಕಿನ ಪಟ್ಟಿಯಿಂದ ಕಟ್ಟಬೇಕೆಂಬ ನಿಯಮ ಅಲ್ಲಿ ಬಿಗಿಯಾಯಿತು. ಇದರ ಕಾರಣ ನಮ್ಮ ಆಚಾರಿಗಳಿಗೆಲ್ಲ ಗೊತ್ತಿರುವಂಥದ್ದೇ: ಮೊಳೆಯನ್ನು ಅದರ ಉದ್ದದ ದಿಕ್ಕಿನಲ್ಲಿ ಎಳೆದರೆ ಸುಲಭವಾಗಿ ಕಿತ್ತು ಬರುತ್ತದೆ, ಅಡ್ಡಕ್ಕೆ ಕತ್ತರಿಸುವುದು ಬಹಳ ಕಷ್ಟ. ಪಟ್ಟಿ ಕಟ್ಟಿದಾಗ ಮೇಲಕ್ಕೆ ಎಳೆಯುವ ಗಾಳಿ ಮೊಳೆಯನ್ನು ಕೀಳುವ ಬದಲು ಕತ್ತರಿಸಬೇಕಾಗುತ್ತದೆ.

ಊರಿಗೆ ಬಂದ ಮೇಲೆ ಇದನ್ನೆಲ್ಲ ಹೇಳಿದಾಗ ಕೇಳಿದವರ ಮೊದಲ ಮಾತು, ಭೂಕಂಪ ನಮ್ಮಲ್ಲಿ ಎಲ್ಲಿ ಆಗುತ್ತದೆ ಮಾರಾಯ್ರೆ ಎಂಬುದು. ದೊಡ್ಡದು ಆದ ನೆನಪು ಇಲ್ಲಿ ಯಾರಿಗೂ ಇಲ್ಲ, ಅದು ನಿಜ. ಆದರೆ ಭೂಕಂಪವನ್ನು ಕುರಿತ ಮಾನಕವಾದ ಐಎಸ್ 1893ರ 2002ರ ನಕ್ಷೆಯಲ್ಲಿ ಮಂಗಳೂರು ಮೂರನೆಯ ವಲಯದಲ್ಲಿದೆ, ಬೆಂಗಳೂರು ಎರಡನೆಯದರಲ್ಲಿ. ಅಂದರೆ ರಾಜಧಾನಿಗಿಂತ ನಮಗೇ ಒಂದು ಮೆಟ್ಟಿಲು ಹೆಚ್ಚು. 2022ರ ಜೂನ್ ಕೊನೆಯಲ್ಲಿ ಸುಳ್ಯ ಮತ್ತು ಕೊಡಗಿನ ಗಡಿಯ ಸಂಪಾಜೆ, ಚೆಂಬು ಕಡೆ ಭೂಮಿ ಕೆಲವು ದಿನಗಳಲ್ಲಿ ಹಲವು ಬಾರಿ ನಡುಗಿತು. ತೀವ್ರತೆ ಮೂರರ ಆಸುಪಾಸು, ಪಾತ್ರೆ ಗಲಗಲ ಎನ್ನುವಷ್ಟು ಮಾತ್ರ. 1967ರ ಡಿಸೆಂಬರ್‌ಗೆ ಮುಂಚೆ ಕೊಯ್ನಾ ಇಂಥದ್ದಕ್ಕೆ ಹೆಸರಾದ ಊರಾಗಿರಲಿಲ್ಲ, 1993ರ ಸೆಪ್ಟೆಂಬರ್ 30ರ ಮುಂಜಾನೆಗೆ ಮುಂಚೆ ಕಿಲ್ಲಾರಿಯನ್ನೂ ಯಾರೂ ಅಪಾಯದ ಊರು ಎಂದಿರಲಿಲ್ಲ. ಕಿಲ್ಲಾರಿಯಲ್ಲಿ ಸುಮಾರು ಹತ್ತು ಸಾವಿರ ಮಂದಿ ಸತ್ತದ್ದು ದಪ್ಪ ಕಲ್ಲಿನ ಗೋಡೆಗಳು ಮತ್ತು ಮಣ್ಣು ಹೇರಿದ ಭಾರದ ಮಾಡುಗಳ ಅಡಿಯಲ್ಲಿ. ಗೋಡೆಯ ಒಳಮುಖಕ್ಕೂ ಹೊರಮುಖಕ್ಕೂ ನಡುವೆ ಹಿಡಿತವಿರಲಿಲ್ಲ, ಗೋಡೆಗೂ ಮಾಡಿಗೂ ನಡುವೆ ಹಿಡಿತವಿರಲಿಲ್ಲ.

ಇಲ್ಲಿ ನನ್ನ ಭಾರದ ಲೆಕ್ಕ ತಲೆಕೆಳಗಾಗುತ್ತದೆ. ಗಾಳಿಯ ಮುಂದೆ ಭಾರ ಮಿತ್ರ, ಭೂಕಂಪದ ಮುಂದೆ ಅದೇ ಭಾರ ಶತ್ರು, ಏಕೆಂದರೆ ನೆಲ ಪಕ್ಕಕ್ಕೆ ಜರುಗಿದಾಗ ಮನೆಯ ಮೇಲೆ ಬೀಳುವ ಬಲ ಮನೆಯ ತೂಕಕ್ಕೆ ತಕ್ಕಂತೆ ಇರುತ್ತದೆ. ಮೂರನೆಯ ವಲಯದಲ್ಲಿ ಸರಳು ಹಾಕದ ಕಲ್ಲುಗೋಡೆಯ ಸಣ್ಣ ಮನೆಗೆ ಮಾನಕದ ಪ್ರಕಾರ ಹಿಡಿಯಬೇಕಾದ ಅಡ್ಡಬಲ ಅದರ ತೂಕದ ಸುಮಾರು ಎಂಟನೆಯ ಒಂದು ಪಾಲು. ಅರವತ್ತು ಟನ್ನಿನ ಮನೆಯನ್ನು ಎಂಟು ಟನ್ನು ಬಲದಲ್ಲಿ ಪಕ್ಕಕ್ಕೆ ದೂಡಿದಂತೆ, ಅದೂ ಒಮ್ಮೆ ಆಚೆಗೆ, ಒಮ್ಮೆ ಈಚೆಗೆ. ಗೋಡೆಯ ಮೇಲೆ ಸುಮ್ಮನೆ ಕೂತ ಹಂಚಿನ ಮಾಡು ಆಗ ಜಾರಲು ಹೊರಡುತ್ತದೆ, ಪಕ್ಕಾಸುಗಳು ಗೋಡೆಯ ತಲೆಯನ್ನು ಹೊರಕ್ಕೆ ಒದೆಯುತ್ತವೆ, ಎರಡು ಕೊನೆಯ ತ್ರಿಕೋಣದ ಗೋಡೆಗಳು ಎಲ್ಲಕ್ಕಿಂತ ಮೊದಲು ಉರುಳುತ್ತವೆ. ಹೀಗೆ ಹಂಚಿನ ಮನೆಗೂ ಕಟ್ಟು ಬೇಕು, ಶೀಟಿನ ಮನೆಗೂ ಕಟ್ಟು ಬೇಕು, ಕಾರಣಗಳು ಮಾತ್ರ ಬೇರೆ ಬೇರೆ.

ಕಟ್ಟು ಎಂದಾಗ ಅದು ಎಲ್ಲಿಂದ ಎಲ್ಲಿಯ ತನಕ ಎಂಬುದೇ ಮುಖ್ಯ. ಶೀಟಿನಿಂದ ಪೈಪಿಗೆ, ಪೈಪಿನಿಂದ ಕಂಬಕ್ಕೆ, ಕಂಬದಿಂದ ಸ್ಲ್ಯಾಬಿಗೆ. ಹಂಚಿನ ಮನೆಯಾದರೆ ಪಕ್ಕಾಸಿನಿಂದ ಅಡ್ಡಕ್ಕೆ, ಅಡ್ಡದಿಂದ ಗೋಡೆಗೆ, ಗೋಡೆಯಿಂದ ಪಂಚಾಂಗಕ್ಕೆ. ಪಂಚಾಂಗ ಎಂದರೆ ನಮ್ಮ ಕಡೆ ಪಾಯದ ಮೇಲೆ ಮನೆಯೊಳಗಿನ ನೆಲದ ಮಟ್ಟದವರೆಗೆ ಎಬ್ಬಿಸಿದ ಕಲ್ಲಿನ ಕಟ್ಟು. ತಿಥಿ ನೋಡುವ ಪಂಚಾಂಗವಲ್ಲ, ಘಟ್ಟದ ಮೇಲಿನ ಓದುಗರಿಗಾಗಿ ಹೇಳಿದೆ. ಈ ಸರಪಳಿಯ ಒಂದು ಕೊಂಡಿ ತಪ್ಪಿದರೆ ಉಳಿದವು ಎಷ್ಟು ಗಟ್ಟಿಯಿದ್ದರೂ ಲೆಕ್ಕಕ್ಕಿಲ್ಲ. ನಮ್ಮ ತಾರಸಿಯಲ್ಲಿ ತಪ್ಪಿದ್ದು ಕೊನೆಯ ಕೊಂಡಿ. ಐದು ಇಂಚಿನ ಸ್ಲ್ಯಾಬು ಚದರ ಮೀಟರಿಗೆ 300 ಕಿಲೋಗೂ ಮಿಕ್ಕಿ ತೂಗುತ್ತದೆ. ಅದನ್ನು ಸರಿಯಾಗಿ ಹಿಡಿದಿದ್ದರೆ 140 ಕಿಲೋಮೀಟರಿನ ಗಾಳಿಗೂ ಮಾಡು ಏಳುತ್ತಿರಲಿಲ್ಲ.

ಎರಡನೆಯ ಸಲ ಕಟ್ಟುವಾಗ ನಾವು ಮೊದಲು ನೋಡಿದ್ದು ತಾರಸಿಯ ಮೇಲೆ ಎದ್ದು ನಿಂತಿದ್ದ ತುಕ್ಕಿನ ಸರಳುಗಳನ್ನು. ಮುಂದೆ ಯಾವಾಗಲಾದರೂ ಮಹಡಿ ಎಬ್ಬಿಸುವ ಆಸೆಯಿಂದ ಕಾಲಂಗಳ ಸರಳನ್ನು ಎರಡು ಅಡಿ ಹೊರಗೆ ಬಿಡುವುದು ನಮ್ಮೂರಿನ ಪದ್ಧತಿ. ಮಕ್ಕಳು ಪರದೇಶಕ್ಕೆ ಹೋಗುತ್ತಾರೆ, ಮಹಡಿ ಏಳುವುದಿಲ್ಲ, ಸರಳು ಮಾತ್ರ ತುಕ್ಕು ಹಿಡಿಯುತ್ತ ನಿಂತಿರುತ್ತದೆ. ನಮ್ಮಲ್ಲಿ ಅಂಥ ಆರು ಕಾಲಂಗಳಿದ್ದವು. ತುಕ್ಕನ್ನು ತಂತಿಬ್ರಶ್ಶಿನಿಂದ ತಿಕ್ಕಿ ತೆಗೆದು, ಪ್ರತಿಯೊಂದರ ಸುತ್ತ ಒಂದು ಅಡಿ ಚೌಕದ, ಒಂದು ಅಡಿ ಎತ್ತರದ ಕಾಂಕ್ರೀಟು ಪೀಠ ಕಟ್ಟಿ, ಅದರೊಳಗೆ ಕೊಕ್ಕೆಯಂತೆ ಬಾಗಿಸಿದ ನಾಲ್ಕು ಬೋಲ್ಟುಗಳನ್ನು ಕಾಂಕ್ರೀಟು ಹಸಿ ಇರುವಾಗಲೇ ಹುಗಿದೆವು. ಅವು ಕಾಲಂನ ಸರಳಿನ ಮೂಲಕ ನೇರವಾಗಿ ಪಾಯಕ್ಕೆ ಹೋದಂತಾಯಿತು. ಉಳಿದ ಆರು ಕಂಬಗಳ ಜಾಗದಲ್ಲಿ ಗಾರೆಯನ್ನು ಸ್ಲ್ಯಾಬು ಕಾಣುವ ತನಕ ಒಡೆಸಿ, ಕೆಳಗೆ ಬೀಮು ಇರುವ ಕಡೆಯೇ ನೋಡಿ ತೂತು ಕೊರೆಸಿ, ದೂಳನ್ನು ಊದಿ ತೆಗೆದು, ರಾಸಾಯನಿಕ ಅಂಟು ತುಂಬಿ ಸರಳು ಕೂರಿಸಿ, ಅವುಗಳ ಮೇಲೂ ಪೀಠ ಎಬ್ಬಿಸಿದೆವು. ದೂಳು ತೆಗೆಯುವ ಕೆಲಸವನ್ನು ಯಾರೂ ಮನಸ್ಸಿಟ್ಟು ಮಾಡುವುದಿಲ್ಲ. ತೂತಿನ ಗೋಡೆಗೆ ದೂಳು ಅಂಟಿದ್ದರೆ ರಾಸಾಯನಿಕ ಹಿಡಿಯುವುದು ದೂಳನ್ನೇ ಹೊರತು ಕಾಂಕ್ರೀಟನ್ನಲ್ಲ, ಮತ್ತೆ ಮೊದಲಿನ ಗಾರೆಯ ಕಥೆಯೇ. ಹಾಗಾಗಿ ಆ ಒಂದು ಕೆಲಸಕ್ಕೆ ನಾನೇ ಸೈಕಲ್ ಪಂಪು ಹಿಡಿದು ಕೂತೆ.

ಹನ್ನೆರಡು ಕಂಬಗಳಿಗೆ ಹಂಚಿದರೆ ಒಂದೊಂದಕ್ಕೂ ಬರುವ ಎಳೆತ ಮೂಲ ವೇಗದಲ್ಲಿ ಸರಾಸರಿ 450 ಕಿಲೋ, ಮೂಲೆಯಲ್ಲಿ ಅದಕ್ಕಿಂತ ಹೆಚ್ಚು. ಗಟ್ಟಿ ಕಾಂಕ್ರೀಟಿನಲ್ಲಿ ಸಾಕಷ್ಟು ಆಳಕ್ಕೆ ಕೂತ 12 ಮಿಲಿಮೀಟರಿನ ನಾಲ್ಕು ಬೋಲ್ಟುಗಳಿಗೆ ಅದು ದೊಡ್ಡ ಭಾರವಲ್ಲ. ಅದರಿಂದ ಆಚೆಗೆ ಕಂಬಗಳ ನಡುವೆ ಓರೆಯಾಗಿ ಆಸರೆ ಪೈಪುಗಳನ್ನು ಕೊಡಿಸಿದೆವು. ಕ್ಯಾಲಿಫೋರ್ನಿಯಾದ ಗಿಡ್ಡ ಗೋಡೆಗೆ ಪ್ಲೈವುಡ್ ಮಾಡುವ ಕೆಲಸವನ್ನೇ ಇಲ್ಲಿ ಅವು ಮಾಡುತ್ತವೆ. ಶೀಟಿನ ಸ್ಕ್ರೂಗಳನ್ನು ಅಂಚುಗಳಲ್ಲಿ ನಡುವಿಗಿಂತ ಎರಡು ಪಟ್ಟು ಹತ್ತಿರ ಹತ್ತಿರ ಹಾಕಿಸಿದೆವು. ಕೆಲವರು ಕಂಬಗಳನ್ನು ತಾರಸಿಯ ಸುತ್ತಿನ ಪ್ಯಾರಾಪೆಟ್ ಗೋಡೆಗೆ ಹಿಡಿಸುತ್ತಾರೆ. ಆ ಗೋಡೆ ನಾಲ್ಕಾರು ಇಂಚು ದಪ್ಪ, ಸ್ಲ್ಯಾಬಿನ ಮೇಲೆ ಕಟ್ಟಿ ನಿಲ್ಲಿಸಿದ್ದು, ಸ್ಲ್ಯಾಬಿಗೆ ಅದರದ್ದೇ ಆದ ಕಟ್ಟು ಇರುವುದಿಲ್ಲ. ಅದಕ್ಕೆ ಮಾಡು ಕಟ್ಟಿದರೆ ಮಾಡಿನ ಜೊತೆ ಗೋಡೆಯೂ ಕೆಳಗಿನ ಅಂಗಳಕ್ಕೆ ಬರುತ್ತದೆ.

ಹಂಚಿನ ಹಳೆಯ ಮನೆಯ ಕೆಲಸ ಇದಕ್ಕಿಂತ ನಾಜೂಕಾದದ್ದು. ತಂದೆಯ ಕಾಲದ ಮನೆ ಅದೇ ಹಿತ್ತಿಲಿನ ಆಚೆ ಬದಿಯಲ್ಲಿದೆ. ಕೆಂಪುಕಲ್ಲಿನ ಗೋಡೆ, ಹಲಸಿನ ಪಕ್ಕಾಸು, ಚಾವಡಿಯ ಮುಂದೆ ನಾಲ್ಕು ಮರದ ಕಂಬ. ಕಂಬಗಳು ನೆಲದಲ್ಲಿ ಹುಗಿದಿಲ್ಲ, ಕಡೆದ ಕಲ್ಲಿನ ಮೇಲೆ ನಿಂತಿವೆ. ಹುಗಿದರೆ ಗೆದ್ದಲು ಮತ್ತು ತೇವ ಹತ್ತು ಮಳೆಗಾಲದಲ್ಲಿ ಬುಡವನ್ನು ತಿಂದುಹಾಕುತ್ತವೆ. ಕಂಬದ ಅಡಿಯಲ್ಲಿ ಗೂಟದಂತೆ ಚಾಚಿದ ಎರಡು ಇಂಚಿನ ಒಂದು ಕುತ್ತಿ, ಅದು ಕಲ್ಲಿನ ಕುಳಿಯಲ್ಲಿ ಕೂರುತ್ತದೆ, ಅಷ್ಟೇ. ಪಕ್ಕಕ್ಕೆ ಜಾರದಂತೆ ಅದು ತಡೆಯುತ್ತದೆ, ಮೇಲೆ ಏಳದಂತೆ ತಡೆಯುವುದಿಲ್ಲ. ಜಪಾನಿನ ಹಳೆಯ ಮನೆಗಳಲ್ಲೂ ಕಂಬಗಳು ಹೀಗೆ ಕಲ್ಲಿನ ಮೇಲೆಯೇ ನಿಲ್ಲುತ್ತಿದ್ದವು.

ಕೆಂಪುಕಲ್ಲಿಗೆ ನೇರವಾಗಿ ಬೋಲ್ಟು ಹೊಡೆಯುವುದು ವ್ಯರ್ಥ. ಅದು ತೂತುತೂತಾದ, ಡ್ರಿಲ್ಲಿಗೆ ಪುಡಿಯಾಗುವ ಕಲ್ಲು, ಬಿಗಿಯುತ್ತಿದ್ದಂತೆ ತೂತು ಅಗಲವಾಗುತ್ತದೆ. ಒಂದು ವೇಳೆ ಹಿಡಿದರೂ ಅದು ಹಿಡಿಯುವುದು ಒಂದು ಕಲ್ಲನ್ನು, ಒಂದು ಕಲ್ಲಿನ ತೂಕ ಮೂವತ್ತು ಕಿಲೋ ಆಸುಪಾಸು. ನೂರಾರು ಕಿಲೋ ಎಳೆಯುವ ಮಾಡಿಗೆ ಮೂವತ್ತು ಕಿಲೋದ ಲಂಗರು ಕಟ್ಟಿದಂತೆ. ಆದ್ದರಿಂದ ರೀಪು ಬದಲಿಸಲು ಹಂಚು ಇಳಿಸಿದ ವರ್ಷ, ನಾಲ್ಕು ಗೋಡೆಗಳ ತಲೆಯ ಮೇಲೂ ಸುತ್ತ ಒಂದೇ ಸಮನೆ ಕಾಂಕ್ರೀಟಿನ ಬೆಲ್ಟು ಹಾಕಿಸಿದೆ. ಬೆಲ್ಟು ಬಂದ ಮೇಲೆ ಒಂದು ಬೋಲ್ಟನ್ನು ಎಳೆದರೆ ಅದರ ಅಡಿಯ ಹತ್ತಾರು ಕಲ್ಲುಗಳ ತೂಕ ಒಟ್ಟಿಗೆ ಎದುರಾಗುತ್ತದೆ, ಭೂಮಿ ಅಲುಗಿದರೆ ಗೋಡೆಗಳ ಮೂಲೆ ಬಿಚ್ಚಿಕೊಳ್ಳುವುದನ್ನೂ ಅದು ತಡೆಯುತ್ತದೆ. ಬೆಲ್ಟಿನಲ್ಲಿ ನಾಲ್ಕು ಅಡಿಗೊಂದರಂತೆ ಬೋಲ್ಟು ಹುಗಿದು, ಮರದ ಅಡ್ಡವನ್ನು ಅವಕ್ಕೆ ನಟ್ಟು ಹಾಕಿ ಬಿಗಿದು, ಪ್ರತಿ ಪಕ್ಕಾಸನ್ನು ಕಬ್ಬಿಣದ ಪಟ್ಟಿಯಿಂದ ಅಡ್ಡಕ್ಕೆ ಕಟ್ಟಿಸಿದೆ. ಭೂಕಂಪ ತಾಳುವಂತೆ ಕಟ್ಟುವ ಬಗೆಯನ್ನು ಹೇಳುವ ಮಾನಕ ಐಎಸ್ 4326 ಇನ್ನೂ ಮುಂದೆ ಹೋಗಿ, ಪಂಚಾಂಗದ ಮಟ್ಟದಲ್ಲಿ, ಲಿಂಟಲ್ ಮಟ್ಟದಲ್ಲಿ, ಮಾಡಿನ ಮಟ್ಟದಲ್ಲಿ ಬೆಲ್ಟುಗಳನ್ನೂ ಮೂಲೆಗಳಲ್ಲಿ ಪಾಯದಿಂದ ಮೇಲಿನ ಬೆಲ್ಟಿನ ತನಕ ಹೋಗುವ ನಿಂತ ಸರಳುಗಳನ್ನೂ ಹೇಳುತ್ತದೆ. ಹೊಸ ಮನೆ ಕಟ್ಟುವವರಿಗೆ ಆ ಸರಳು ಬಹಳ ಸಣ್ಣ ಖರ್ಚು. ಹಳೆಯ ಮನೆಯಲ್ಲಿ ಮೂಲೆಯ ಕಲ್ಲುಗಳಲ್ಲಿ ಗಾಡಿ, ಅಂದರೆ ನಿಂತ ಸೀಳು, ಕಡೆದು ಸರಳು ಇಳಿಸಿ ಕಾಂಕ್ರೀಟು ತುಂಬಬೇಕು. ನಾವು ಎರಡು ಮೂಲೆಗಳಲ್ಲಿ ಅದನ್ನು ಮಾಡಿದೆವು, ಉಳಿದ ಎರಡರಲ್ಲಿ ಕಲ್ಲು ಸಡಿಲವಾಗುವುದನ್ನು ಕಂಡು ಮೇಸ್ತ್ರಿಯವರು ಕೈ ತಡೆದರು. ಅವರ ಮಾತನ್ನು ನಾನು ಮೀರಲಿಲ್ಲ.

ಕಡಲಿನ ಪಕ್ಕದಲ್ಲಿ ಇದೆಲ್ಲಕ್ಕೂ ಇನ್ನೊಂದು ಶತ್ರು ಉಪ್ಪುಗಾಳಿ. ಅಂಗಡಿಯಲ್ಲಿ ಹೊಳೆಯುವ ತೆಳು ಸತುವಿನ ಲೇಪದ ಬೋಲ್ಟು ನಮ್ಮಲ್ಲಿ ಎರಡು ಮಳೆಗಾಲಕ್ಕೆ ಕೆಂಪಾಗುತ್ತದೆ. ಕರಗಿದ ಸತುವಿನಲ್ಲಿ ಅದ್ದಿ ತೆಗೆದ, ಮಂಕು ಬೂದು ಬಣ್ಣದ ಬೋಲ್ಟು ನೋಡಲು ಚೆಂದವಿಲ್ಲ, ಆದರೆ ಬಾಳಿಕೆ ಹಲವು ಪಟ್ಟು. ಅದಕ್ಕಿಂತ ಒಳ್ಳೆಯದು ಸ್ಟೇನ್‌ಲೆಸ್ ಸ್ಟೀಲು, ಅದರಲ್ಲೂ 316 ಎಂಬ ದರ್ಜೆಯದು. ಬೆಲೆ ಕೇಳಿದ ಮೇಲೆ ನಾನು ಅದನ್ನು ನಾಲ್ಕು ಮೂಲೆಯ ಕಂಬಗಳಿಗೆ ಮಾತ್ರ ಹಾಕಿಸಿದೆ. ಪೈಪುಗಳ ತೆರೆದ ಬಾಯಿಗಳನ್ನು ತಗಡು ಬೆಸೆದು ಮುಚ್ಚಿಸಿದೆ, ಏಕೆಂದರೆ ಹೊರಗಿನ ತುಕ್ಕಿಗೆ ಬಣ್ಣ ಬಳಿಯಬಹುದು, ಒಳಗಿನ ತುಕ್ಕು ಕಾಣಿಸುವುದು ಕಂಬ ಮುರಿದ ದಿನವೇ.

ಈಗ ಪ್ರತಿ ವರ್ಷ ಪತ್ತನಾಜೆಗೆ ಮುಂಚೆ ಒಂದು ಬೆಳಿಗ್ಗೆ ಸ್ಪ್ಯಾನರ್ ಹಿಡಿದು ತಾರಸಿಗೆ ಹತ್ತುತ್ತೇನೆ. ಪ್ರತಿ ನಟ್ಟಿನಿಂದ ಅದರ ಅಡಿಯ ಪ್ಲೇಟಿನ ಮೇಲೆ ಹಾಯುವಂತೆ ಹಳದಿ ಬಣ್ಣದ ಒಂದು ಗೆರೆ ಎಳೆದಿದ್ದೇನೆ. ನಟ್ಟು ತುಸು ತಿರುಗಿದರೂ ಗೆರೆ ಎರಡು ತುಂಡಾಗಿ ಕಾಣುತ್ತದೆ. ಈ ಬಾರಿ ನಲವತ್ತೆಂಟು ನಟ್ಟುಗಳಲ್ಲಿ ಎರಡು ಜರುಗಿದ್ದವು, ಎರಡೂ ಕಡಲಿನ ಕಡೆಯ ನೈಋತ್ಯದ ಕಂಬದವು. ಬಿಗಿದು, ಹಳೆಯ ಗೆರೆಯನ್ನು ಕೆರೆದು ಹೊಸದನ್ನು ಎಳೆದು ಇಳಿದೆ.